ಬೆಳಕಿನ ಚುಕ್ಕೆಯ ಹನ್ನೆರಡನೆಯ ನೆಗೆತ

ಮಂಡ್ಯದ ಹೈಸ್ಕೂಲಿನ ಮೇಷ್ಟ್ರೊಬ್ಬರು ಗುರುತ್ವದ ಸೆಳೆತವನ್ನು ಕಾಳುಕಾಳಾಗಿ ಬಿಡಿಸಿ ತೋರಿಸಿದ್ದರು, ಹೊಟ್ಟೆಕಿಚ್ಚಿನ ಸಹಾಯಕನೊಬ್ಬ ಅದನ್ನು ಕೆಡಿಸಿಬಿಟ್ಟ ಎಂದು ಒಂದು ಪಕ್ಷದವರು ಹೇಳುತ್ತಾರೆ. ಇನ್ನೊಂದು ಪಕ್ಷದ ಕಥೆ ಇನ್ನೂ ಚುಟುಕು: ಗದ್ದೆಗೆ ನೀರು ಬಿಡುವ, ಅಕ್ಷರ ಬಾರದ ನೀರುಗಂಟಿಯೊಬ್ಬ ಸ್ಲೇಟು ಹಿಡಿದು ಬಂದ, ಬಿ.ಎ. ಓದಿದ ಮೇಷ್ಟ್ರ ಸಿದ್ಧಾಂತ ನೀರುಪಾಲಾಯಿತು. ಮೊದಲನೆಯದನ್ನು ಮಂಡ್ಯದ ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಎರಡನೆಯದನ್ನು ಮದ್ದೂರಿನ ಬಸ್ಸಿನಲ್ಲಿ. ಬಸ್ಸಿನಲ್ಲಿ ಹೇಳುತ್ತಿದ್ದವನಿಗೆ ಪಕ್ಕದಲ್ಲಿ ಕುಳಿತಿದ್ದ ನಾನೇ ಆ ಸಹಾಯಕ ಎಂದು ಗೊತ್ತಿರಲಿಲ್ಲ.

ಮೇಷ್ಟ್ರು ಬೆಂಗಳೂರಿನ ವಿಜ್ಞಾನ ಸಭೆಯಲ್ಲಿ ತಮ್ಮ ಪ್ರಬಂಧವನ್ನು ಓದಲಿಲ್ಲ ಎಂಬುದು ನಿಜ. ಏಕೆ ಓದಲಿಲ್ಲ ಎಂಬಲ್ಲಿ ಎರಡು ಪಕ್ಷದವರೂ ಎಡವುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಎದುರಾಳಿ ಯಾವ ಸಾಕ್ಷ್ಯವನ್ನು ಬಿಟ್ಟ ಎಂದು ಮೊದಲು ನೋಡುವುದು ನನ್ನ ಅಭ್ಯಾಸ. ಇವರಿಬ್ಬರೂ ಬಿಟ್ಟಿರುವುದು ಒಂದೇ ಸಾಕ್ಷ್ಯವನ್ನು.

ಯುದ್ಧದ ವರ್ಷಗಳು. ನಾನು ಮೈಸೂರಿನಿಂದ ಪದವಿ ಮುಗಿಸಿ ಬಂದು ಅದೇ ಹೈಸ್ಕೂಲಿನಲ್ಲಿ ವಿಜ್ಞಾನದ ಸಹಾಯಕ ಉಪಾಧ್ಯಾಯನಾಗಿದ್ದೆ. ಮೇಷ್ಟ್ರು ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ಹರೆಯದಲ್ಲಿ ಬೆಂಗಳೂರಿನಲ್ಲಿ ಸಂಶೋಧನೆಗೆಂದು ಸೇರಿದ್ದವರು, ತಂದೆ ತೀರಿಕೊಂಡ ಮೇಲೆ ಬಿಟ್ಟುಬಂದು ಮೇಷ್ಟ್ರಾದವರು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರೆಂದರು:

"ಬೆಳಕು ಪೊಟ್ಟಣ ಪೊಟ್ಟಣವಾಗಿ ಬರುತ್ತೆ. ಪರಮಾಣುವಿನ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಗುರುತ್ವ ಒಂದೇ ಯಾಕಯ್ಯ ನುಣ್ಣಗೆ ಹರೀಬೇಕು? ಅದಕ್ಕೂ ಕಾಳು ಇರಬೇಕಲ್ಲ?"

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಕಾಳು ಇದ್ದರೂ ಅದು ಎಷ್ಟು ಸಣ್ಣದಿರಬೇಕೆಂದು ಕಪ್ಪುಹಲಗೆಯ ಮೇಲೆ ಸೊನ್ನೆಗಳನ್ನು ಬರೆಯುತ್ತ ಹೋದೆ. ಹಲಗೆ ಮುಗಿಯಿತು, ಸೊನ್ನೆ ಮುಗಿಯಲಿಲ್ಲ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಆಮೇಲೆ ನನ್ನನ್ನು ಹೊರಗೆ ಕರೆದು, "ಬೇಸಿಗೆ ರಜೆಯಲ್ಲಿ ಪ್ರಯೋಗ ಮಾಡ್ತಿದ್ದೀನಿ. ನೀನು ಬರಬೇಕು. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನೋರು ನನಗೆ ಬೇಡ" ಎಂದರು. ಒಪ್ಪಿಕೊಂಡೆ.

ಅವರ ಉಪಾಯ ಸರಳ. ಒಂದು ಬಿದಿರು ಕಡ್ಡಿ, ಅದರ ಎರಡು ತುದಿಗೆ ಸಣ್ಣ ಸೀಸದ ಗೋಲಿ. ಕಡ್ಡಿಯ ನಡುವನ್ನು ತೆಳ್ಳನೆಯ ಲೋಹದ ಎಳೆಯಿಂದ ತೂಗುಹಾಕುವುದು. ಹತ್ತಿರಕ್ಕೆ ಎರಡು ದೊಡ್ಡ ಸೀಸದ ಗುಂಡು ತಂದರೆ ಅವು ಗೋಲಿಗಳನ್ನು ಎಳೆಯುತ್ತವೆ, ಎಳೆ ಕೂದಲಷ್ಟು ತಿರುಚಿಕೊಳ್ಳುತ್ತದೆ. ಕಡ್ಡಿಗೆ ಅಂಟಿಸಿದ ಕನ್ನಡಿಯ ಮೇಲೆ ದೀಪದ ಬೆಳಕು ಬಿದ್ದು ಎದುರಿನ ಗೋಡೆಯ ಅಳತೆಪಟ್ಟಿಯ ಮೇಲೆ ಚುಕ್ಕೆಯಾಗುತ್ತದೆ. ಎಳೆಯ ತಿರುಚು ಕಣ್ಣಿಗೆ ಕಾಣದು, ಚುಕ್ಕೆಯ ಚಲನೆ ಕಾಣುತ್ತದೆ. ಇಲ್ಲಿಯವರೆಗೆ ಹಳೆಯ ವಿದ್ಯೆ. ಮೇಷ್ಟ್ರು ಸೇರಿಸಿದ್ದು ಇಷ್ಟು: ದೊಡ್ಡ ಗುಂಡುಗಳನ್ನು ತಿರುಪಿನ ಮೇಲೆ ಕೂರಿಸಿ ಇಡೀ ದಿನ ಬಹು ನಿಧಾನವಾಗಿ ಹತ್ತಿರ ತರುವುದು. ಸೆಳೆತ ನುಣ್ಣಗಿದ್ದರೆ ಚುಕ್ಕೆ ಜಾರಬೇಕು. ಕಾಳುಕಾಳಾಗಿದ್ದರೆ ನಿಲ್ಲಬೇಕು, ನೆಗೆಯಬೇಕು, ಮತ್ತೆ ನಿಲ್ಲಬೇಕು.

ಎಳೆ ಶಾಲೆಯ ಕೆಟ್ಟುಹೋದ ಗ್ಯಾಲ್ವನೋಮೀಟರಿನಿಂದ ಸಿಕ್ಕಿತು. ಸೀಸಕ್ಕೆ ಮದ್ದೂರಿಗೆ ಹೋದೆವು, ಅಲ್ಲಿ ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸುಗಳನ್ನು ರಿಪೇರಿ ಮಾಡುವ ಸಾಬರ ಹತ್ತಿರ ಹಳೆಯ ಬ್ಯಾಟರಿಗಳ ರಾಶಿಯಿತ್ತು.

"ಸೀಸದ ಗುಂಡಾ?" ಎಂದರು ಸಾಬರು. "ಯುದ್ಧಕ್ಕೆ ಹೊಂಟ್ರಾ ಮೇಷ್ಟ್ರೇ, ಇಲ್ಲಾ ಹೆಡ್ಮಾಸ್ತರ ಮೇಲಾ?"

"ಒಂದು ಗುಂಡು ಇನ್ನೊಂದನ್ನು ಎಳೆಯುತ್ತಾ ನೋಡಬೇಕು" ಎಂದರು ಮೇಷ್ಟ್ರು.

"ಎಳೀತದೆ, ಎಳೀತದೆ. ನಿಮ್ ಸಾಲೆ ಹುಡುಗ್ರು ಒಬ್ಬನ್ನ ಒಬ್ರು ಗೋಲಿ ಆಟಕ್ಕೆ ಎಳೀತಾರಲ್ಲ ಹಂಗೆ."

ಸುಲಿದ ತೆಂಗಿನಕಾಯನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿದರು. ಅಚ್ಚು ಒಣಗಲು ಎರಡು ದಿನ ಬೇಕೆಂದರು. ಮೇಷ್ಟ್ರಿಗೆ ಅವಸರ. ಮಾರನೆಯ ದಿನವೇ ಹುಯ್ಯಿಸಿದರು. ಹಸಿ ಮರಳಿಗೆ ಕಾದ ಸೀಸ ಬಿದ್ದದ್ದೇ ತಡ, ಸಿಡಿದು ಛಾವಣಿಯ ತಗಡಿಗೆ ಬಡಿಯಿತು. ಯಾರಿಗೂ ತಗುಲಲಿಲ್ಲ. ಸಾಬರು ಚಿಮುಟ ಕೆಳಗಿಟ್ಟು, "ಓದಿರೋರ್ಗೆ ಹೇಳೋದು ಕಷ್ಟ" ಎಂದಷ್ಟೇ ಹೇಳಿದರು. ನಾಲ್ಕು ದಿನ ಒಣಗಿಸಿ ಎರಡನೆಯ ಸಲ ಹುಯ್ದಾಗ ಗುಂಡುಗಳು ಚೆನ್ನಾಗಿ ಬಂದವು. ನೋಡಲು ತೆಂಗಿನಕಾಯಿ, ಎತ್ತಲು ನೀರು ತುಂಬಿದ ಬಿಂದಿಗೆ. ತಿರುಪನ್ನೂ ಸಾಬರೇ ಕಡೆದುಕೊಟ್ಟರು.

ಮೊದಲು ಶಾಲೆಯ ಪ್ರಯೋಗಶಾಲೆಯಲ್ಲೇ ಕಟ್ಟಿದೆವು. ರೈಲು ಪಕ್ಕದ ಯಲಿಯೂರು ಬಿಟ್ಟಿತೆಂದು ಸ್ಟೇಷನ್ನಿನವರಿಗಿಂತ ಮೊದಲು ನಮ್ಮ ಚುಕ್ಕೆಗೆ ತಿಳಿಯುತ್ತಿತ್ತು. ರೈಲು ಹೋದ ಮೇಲೆ ಕಬ್ಬಿನ ಗಾಡಿಗಳು. ಒಂದು ವಾರ ಚುಕ್ಕೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಕೊನೆಗೆ ಮೇಷ್ಟ್ರ ಭಾವಮೈದುನರ ಊರಿಗೆ ಎಲ್ಲವನ್ನೂ ಸಾಗಿಸಿದೆವು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗೆ, ಕೆರೆಯ ಕೆಳಗಿನ ಗದ್ದೆಗಳ ಅಂಚಿಗೆ ಅವರದೊಂದು ಮಣ್ಣಿನ ಗೋಡೆಯ ಉಗ್ರಾಣವಿತ್ತು. ರೈಲಿಲ್ಲ, ಗಾಡಿಯಿಲ್ಲ, ದಪ್ಪ ಗೋಡೆ, ಒಳಗೆ ತಂಪು. ಇದಕ್ಕಿಂತ ಒಳ್ಳೆಯ ಜಾಗ ಸಿಗದೆಂದು ನಾನೂ ಒಪ್ಪಿದೆ. ದಾಖಲೆಯಲ್ಲಿರಲಿ, ನಾನೂ ಒಪ್ಪಿದ್ದೆ.

ನಡುವೆ ಇಟ್ಟಿಗೆಯ ಕಂಬ ಕಟ್ಟಿ ಅದರ ಮೇಲೆ ಗಾಜಿನ ಪೆಟ್ಟಿಗೆಯಿಟ್ಟೆವು. ಕಡ್ಡಿ ತೂಗಾಡುತ್ತಲೇ ಇರಬಾರದೆಂದು ಅದರ ಕೆಳಗೊಂದು ತಗಡಿನ ಚೂರು ಕಟ್ಟಿ ಹರಳೆಣ್ಣೆಯ ಬಟ್ಟಲಿನಲ್ಲಿ ಅದ್ದಿದೆವು. ಮೈಯ ಬಿಸಿ ತಾಗದಿರಲೆಂದು ಗುಂಡುಗಳ ಸುತ್ತ ಕಂಬಳಿಯ ಮರೆ. ಮೇಷ್ಟ್ರು ಹತ್ತಡಿ ದೂರದಲ್ಲಿ ಸ್ಟೂಲಿನ ಮೇಲೆ ಕುಳಿತು ದಾರ ಎಳೆದು ತಿರುಪನ್ನು ತಿರುಗಿಸುವರು, ಚುಕ್ಕೆಯನ್ನು ಓದುವರು, ಬರೆಯುವರು. ಕಿಟಕಿಗೆ ಕಾಗದ ಅಂಟಿಸಿದ್ದರಿಂದ ಹಗಲಿನಲ್ಲೂ ಒಳಗೆ ಕತ್ತಲು. ನೀರುಗಂಟಿ, ಎಂದರೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಆಳು, ಗುದ್ದಲಿ ಹೆಗಲಿಗಿಟ್ಟುಕೊಂಡು ದಿನಾ ಬಾಗಿಲ ಮುಂದೆ ಹಾದುಹೋಗುತ್ತಿದ್ದ.

"ಏನ್ ಚಿಕ್ ಮೇಷ್ಟ್ರೇ, ದೊಡ್ ಮೇಷ್ಟ್ರು ಒಳ್ಗೆ ಕಾವ್ಗೆ ಕುಂತವ್ರಾ? ಎಷ್ಟ್ ಮರಿ ಆದೋ?"

"ಇನ್ನೂ ಮೊಟ್ಟೆ ಒಡೆದಿಲ್ಲ ಕಣಣ್ಣ."

ಮೂರನೆಯ ದಿನ ಒಡೆಯಿತು. ಒಳಗಿನಿಂದ ಮೇಷ್ಟ್ರು ಕೂಗಿದರು. ನಾನು ಓಡಿದೆ. ಚುಕ್ಕೆ ಅಳತೆಪಟ್ಟಿಯ ಒಂದು ಗೆರೆಯ ಹತ್ತಿರ ನಿಂತಿತ್ತು. ನೋಡುತ್ತ ಕುಳಿತೆವು. ಮುಕ್ಕಾಲು ಗಂಟೆ ಕಳೆದಿರಬಹುದು, ಚುಕ್ಕೆ ಹೊರಟಿತು, ಮುಂದಿನ ಗೆರೆಯ ಆಸುಪಾಸಿಗೆ ಹೋಗಿ ನಿಂತಿತು. ಆ ದಿನ ಎಂಟು ನೆಗೆತ. ಮೇಷ್ಟ್ರು ಪೆನ್ಸಿಲನ್ನು ತಲೆಕೆಳಗಾಗಿ ಹಿಡಿದು ಬರೆಯುತ್ತಿದ್ದರು.

ನನಗೂ ಅದು ನಿಜವೇ ಆಗಲಿ ಎನ್ನಿಸಿತು, ಸುಳ್ಳೇಕೆ ಹೇಳಲಿ? ಕಪ್ಪುಹಲಗೆಯ ನನ್ನ ಸೊನ್ನೆಗಳೆಲ್ಲ ತಪ್ಪೇ? ಇಂಥ ತೆಂಗಿನಕಾಯಿ ಗಾತ್ರದ ಗುಂಡು, ಇಂಥ ಬರಿಗಣ್ಣಿನ ನೆಗೆತ? ಮೊದಲು ತಿರುಪನ್ನು ಶಂಕಿಸಿದೆ. ಅದರ ಹಲ್ಲು ಕಚ್ಚಿಕೊಂಡು ಬಿಡುತ್ತಿದ್ದರೆ ಗುಂಡುಗಳೇ ನೆಗೆಯುತ್ತಿರಬಹುದು. ಗುಂಡುಗಳು ಕೂತಿದ್ದ ಹಲಗೆಗೊಂದು ಕನ್ನಡಿ ಅಂಟಿಸಿ ನೋಡಿದೆ, ಹಲಗೆ ನುಣ್ಣಗೆ ಹೋಗುತ್ತಿತ್ತು. ಸಾಬರ ಕೆಲಸದಲ್ಲಿ ಊನವಿರಲಿಲ್ಲ.

ಆದರೆ ಎರಡು ವಿಷಯ ನನಗೆ ಸರಿಬರಲಿಲ್ಲ. ನೆಗೆತಗಳು ಸಮವಲ್ಲ, ಬೆಳಗಿನವು ಕೊಂಚ ದೊಡ್ಡವು, ಸಂಜೆಯವು ಕೊಂಚ ಸಣ್ಣವು. ಮೇಷ್ಟ್ರು ಸರಾಸರಿ ತೆಗೆದು ಸಮ ಮಾಡುತ್ತಿದ್ದರು. ಇನ್ನೊಂದು, ಅವು ಪ್ರತಿದಿನ ಬರುತ್ತಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದವು. ಮಿಕ್ಕ ಮೂರು ದಿನ ಚುಕ್ಕೆ ಜಾರುತ್ತಿತ್ತು. ಆ ದಿನಗಳನ್ನು ಮೇಷ್ಟ್ರು "ಮಂಕು ದಿನ" ಎಂದು ಬರೆದು ಪಕ್ಕಕ್ಕಿಟ್ಟಿದ್ದರು.

"ಸಾರ್, ಗುರುತ್ವ ನಾಲ್ಕು ದಿನಕ್ಕೊಮ್ಮೆ ಮಾತ್ರ ಹಾಜರಿ ಹಾಕುತ್ತಾ?"

"ಗಾಳಿಯ ತೇವ ಇರಬಹುದು. ಮಂಕು ದಿನ ಎಳೆ ಬಿಗಿದಿರಬಹುದು."

"ಹಾಗಾದರೆ ಒಂದು ಒಳ್ಳೆಯ ದಿನ ಗುಂಡುಗಳನ್ನೇ ತೆಗೆದಿಟ್ಟು ನೋಡೋಣ."

"ತೆಗೆದರೆ ಮತ್ತೆ ಕೂರಿಸಿ ಚುಕ್ಕೆ ನಿಲ್ಲೋಕೆ ಎರಡು ದಿನ ಬೇಕು. ಬೆಂಗಳೂರಿನ ಸಭೆ ಇದೇ ತಿಂಗಳ ಕೊನೆಗೆ. ಪ್ರಬಂಧ ಓದ್ತೀನಿ ಅಂತ ಕಾಗದ ಹಾಕಾಗಿದೆ ಕಣಯ್ಯ." ಪೆನ್ಸಿಲನ್ನು ಕಿವಿಗೆ ಸಿಕ್ಕಿಸುತ್ತ, "ನಾನು ಬಿಟ್ಟುಬಂದ ಜಾಗ ಅದು. ಇದೊಂದನ್ನ ಅಲ್ಲಿ ನಿಂತು ಓದಿಬಿಟ್ಟರೆ ಸಾಕು" ಎಂದರು.

ನಾನು ತೀರ್ಮಾನ ಮಾಡಿದ್ದು ಇಲ್ಲಿ. ಇದನ್ನೇ ಸ್ಟಾಫ್ ರೂಮಿನವರು ಹೊಟ್ಟೆಕಿಚ್ಚು ಎನ್ನುತ್ತಾರೆ. ಮುಂದಿನ ನಾಲ್ಕನೆಯ ದಿನದ ಬೆಳಿಗ್ಗೆ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದಾಗ ನಾನು ಕಂಬಳಿಯ ಮರೆಯಲ್ಲಿ ಪೆಟ್ಟಿಗೆ ಅಲುಗದಂತೆ ಎರಡು ಗುಂಡುಗಳನ್ನೂ ಎತ್ತಿ ಹೊರಗೊಯ್ದು ಭತ್ತದ ಹುಲ್ಲಿನ ಮೆದೆಯಲ್ಲಿ ಹುದುಗಿಸಿದೆ. ಕಂಬಳಿ ಹಾಗೇ ಇತ್ತು. ಮೇಷ್ಟ್ರು ಬಂದು ಸ್ಟೂಲಿನ ಮೇಲೆ ಕುಳಿತು ಇಡೀ ದಿನ ಬರಿಯ ಹಲಗೆಯನ್ನು ದಾರದಿಂದ ಎಳೆದರು. ನೆಗೆತ ಒಂಬತ್ತು. ಒಂದೊಂದನ್ನೂ ನನಗೆ ಕೂಗಿ ಹೇಳುತ್ತಿದ್ದರು.

ಸಂಜೆ ನಾನು ಕಂಬಳಿ ಎತ್ತಿದೆ.

ಅವರು ಎದ್ದು ಬಂದು ಖಾಲಿ ಹಲಗೆಯ ಮೇಲೆ ಕೈಯಾಡಿಸಿದರು. ಬೈಯುತ್ತಾರೆಂದು ಕಾದೆ, ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ, "ಕೇಳಿದ್ದರೆ ನಾನು ಬಿಡ್ತಿರಲಿಲ್ಲ, ಅಲ್ಲವಾ?" ಎಂದರು.

"ಬಿಡ್ತಿರಲಿಲ್ಲ ಸಾರ್."

"ಸರಿ. ಹಾಗಾದರೆ ಒಂಬತ್ತು ಸಲ ನೆಗೆದದ್ದು ಏನು? ಅದನ್ನ ಹುಡುಕು. ಕೆಡವಿದವನು ಕಟ್ಟೋಕೂ ಬರಬೇಕು."

ಹುಡುಕುವುದು ನಾನೆಣಿಸಿದಷ್ಟು ಕಷ್ಟವಾಗಲಿಲ್ಲ. ಮುಂದಿನ ನೆಗೆತದ ದಿನ ಕೈ ತೊಳೆಯಲು ಹೊರಬಂದೆ. ಉಗ್ರಾಣದ ಪಕ್ಕದ ಗದ್ದೆ ಸಾಲಿನಲ್ಲಿ ನೀರುಗಂಟಿ ಒಂದು ಮಡಿ, ಎಂದರೆ ಬದು ಕಟ್ಟಿದ ಗದ್ದೆಯ ತುಂಡು, ತುಂಬುತ್ತಲೇ ಅದರ ಬದುವಿನ ಬಾಯಿಗೆ ಮಣ್ಣು ಎಳೆದು ಮುಚ್ಚಿ, ಮುಂದಿನ ಮಡಿಯ ಬಾಯಿಯನ್ನು ಗುದ್ದಲಿಯಿಂದ ಕಡಿದ. ಅದೇ ಹೊತ್ತಿಗೆ ಒಳಗಿನಿಂದ ಮೇಷ್ಟ್ರು, "ನಾಲ್ಕು!" ಎಂದರು.

"ಅಣ್ಣಾ, ಈ ಸಾಲಿಗೆ ಎಷ್ಟು ದಿನಕ್ಕೊಮ್ಮೆ ನೀರು?"

"ನಾಕ್ ದಿನುಕ್ಕೆ. ಯಾಕೇ, ನಿಮ್ ಕೋಳಿಗೂ ನೀರ್ ಬೇಕಾ?"

ಒಣಗಿ ಬಿರಿದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ. ಒಂದು ಮಡಿ ತುಂಬಿದರೆ ಆ ಪಕ್ಕದ ನೆಲ ಕೂದಲೆಳೆಯಷ್ಟು ಏರುತ್ತದೆ, ನಮ್ಮ ಕಂಬ ಅಷ್ಟೇ ವಾಲುತ್ತದೆ, ಚುಕ್ಕೆ ನೆಗೆಯುತ್ತದೆ. ಮಡಿ ದೂರವಾದಷ್ಟೂ ನೆಗೆತ ಸಣ್ಣದು. ಮೇಷ್ಟ್ರಿಗೆ ಹೇಳಿದೆ. ಅವರು ತಕ್ಷಣ ತಿರುಗಿಬಿದ್ದರು: "ಇದೂ ನಿನ್ನ ಮಾತೇ. ನನ್ನದು ಊಹೆಯಾದರೆ ನಿನ್ನದೂ ಊಹೆ. ತೋರಿಸು."

ತೋರಿಸಲು ಒಂದು ಪದ್ಧತಿ ಕಟ್ಟಿದೆವು. ಮೇಷ್ಟ್ರ ಹಠದಂತೆ ಗುಂಡುಗಳನ್ನು ಮತ್ತೆ ಕೂರಿಸಿದೆವು. ನೆಗೆತದ ದಿನ ನಾವಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಳಗೇ ಇದ್ದು ಗಡಿಯಾರ ನೋಡಿ ಬರೆಯಬೇಕು, ಹೊರಗೆ ಇಣುಕಬಾರದು. ಹೊರಗೆ ನೀರುಗಂಟಿ ತಾನು ಪ್ರತಿ ಮಡಿ ತೆಗೆದ ಹೊತ್ತನ್ನು ಬೇರೆ ಬರೆಯಬೇಕು, ನಮ್ಮ ಹತ್ತಿರ ಸುಳಿಯಬಾರದು. ಆದರೆ ಅವನಿಗೆ ಅಕ್ಷರ ಬಾರದು.

"ಗಡಿಯಾರ ಓದಕ್ಕೆ ಬರಕಿಲ್ಲ, ನೋಡಕ್ಕೆ ಬತ್ತದೆ" ಎಂದ ನೀರುಗಂಟಿ. "ಮುಳ್ಳು ಎಂಗ್ ನಿಂತಿರ್ತದೋ ಅಂಗೇ ಗೀಚ್ತೀನಿ, ಆಯ್ತಾ?"

ಸಾಬರ ಟೈಂಪೀಸನ್ನು ತರಿಸಿ, ನಮ್ಮ ಗಡಿಯಾರಕ್ಕೆ ಸರಿಹೊಂದಿಸಿ, ಅವನ ಎಲೆಯಡಿಕೆ ಚೀಲಕ್ಕೆ ಹಾಕಿದೆ. ಕೈಗೊಂದು ಸ್ಲೇಟು ಕೊಟ್ಟೆ. ಅವನು ಹೊರಡುವಾಗ ಉಗ್ರಾಣದ ಹಿಂಗೋಡೆಗೆ ತಾಗಿದ ಸಣ್ಣ ಮಡಿಯ ಹೆಂಗಸು ಬದುವಿನ ಮೇಲೆ ಅಡ್ಡ ನಿಂತಿದ್ದಳು. ಕೆರೆಯಲ್ಲಿ ನೀರು ಕಡಿಮೆಯಾದ್ದರಿಂದ ಈ ಸರದಿಯಲ್ಲಿ ಆ ಮೂಲೆಗೆ ನೀರಿಲ್ಲವೆಂದು ಊರ ಯಜಮಾನರು ತೀರ್ಮಾನಿಸಿದ್ದರು.

"ಇನ್ ನಾಕ್ ದಿನ ತಡ್ಕಳಕಿಲ್ಲ ಕಣಣ್ಣೋ ನನ್ ಪೈರು. ಒಂದ್ ಗಳ್ಗೆ ಬುಡು, ಯಾರ್ ನೋಡ್ತಾರೆ?"

"ಯಾರ್ ನೋಡ್ತಾರಾ? ಬದುವೇ ನೋಡ್ತದೆ ಕಣಮ್ಮ. ಯಜಮಾನ್ರಿಗೆ ತಿಳಿದ್ರೆ ನನ್ ಗುದ್ಲಿ ಕಿತ್ಕೊತಾರೆ. ನಮ್ಮಪ್ಪನ್ ಕಾಲುದ್ ಗುದ್ಲಿ ಇದು. ಓಗು, ಓಗು."

ಗುದ್ದಲಿ ಕಿತ್ತುಕೊಳ್ಳುವುದೆಂದರೆ ಆ ಊರಿನಲ್ಲಿ ನೀರುಗಂಟಿಯ ಕೆಲಸವನ್ನೇ ಕಿತ್ತುಕೊಳ್ಳುವುದು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನ ಮನೆಗೆ ಬರುವ ಭತ್ತವೂ ಅದರ ಜೊತೆಗೇ ಹೋಗುತ್ತದೆ. ನಾನು ಬಾಗಿಲು ಹಾಕಿಕೊಂಡೆ.

ಸಂಜೆ ಬಾಗಿಲು ತೆರೆದಾಗ ಅವನು ಜಗಲಿಯ ಮೇಲೆ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಸಾಲಾಗಿ ಬರೆದ ಸಣ್ಣ ಸಣ್ಣ ವೃತ್ತಗಳು, ಒಂದೊಂದರೊಳಗೂ ಎರಡು ಗೆರೆ. ಮೇಷ್ಟ್ರ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ಓದಿದೆ. ಮೊದಲನೆಯದು ಹೊಂದಿತು. ಎರಡನೆಯದು ಹೊಂದಿತು. ಅವನು ಮಡಿ ತೆಗೆದ ಕೆಲವು ನಿಮಿಷಗಳಿಗೆ ನಮ್ಮ ಚುಕ್ಕೆ ಹೊರಟಿದೆ, ಪ್ರತಿ ಸಲವೂ. ಐದಾದ ಮೇಲೆ ಮೇಷ್ಟ್ರು ನೋಡುವುದನ್ನು ಬಿಟ್ಟು ಕೇಳಿಸಿಕೊಳ್ಳುತ್ತ ಕುಳಿತರು. ಗೆದ್ದವನ ದನಿ ನನ್ನ ಬಾಯಿಂದ ಬರುತ್ತಿತ್ತು, ಅದು ನನಗೇ ಕೇಳಿಸುತ್ತಿತ್ತು.

ಆಮೇಲೆ ಎಣಿಸಿದೆ. ಸ್ಲೇಟಿನಲ್ಲಿ ಹನ್ನೊಂದು ವೃತ್ತ. ನೋಟ್‌ಬುಕ್ಕಿನಲ್ಲಿ ಹನ್ನೆರಡು ನೆಗೆತ.

ಹೆಚ್ಚಾಗಿದ್ದದ್ದು ಏಳನೆಯ ಮತ್ತು ಎಂಟನೆಯ ವೃತ್ತಗಳ ನಡುವಿನದು, ಮಧ್ಯಾಹ್ನ ಒಂದೂಕಾಲರದು. ಮಿಕ್ಕೆಲ್ಲವಕ್ಕಿಂತ ದೊಡ್ಡದು.

"ಒಂದೂಕಾಲಿಗೆ ಏನು ಮಾಡ್ತಿದ್ದೆ ಅಣ್ಣ?"

"ಒಂಗೆ ಮರುದ್ ಕೆಳ್ಗೆ ಮುದ್ದೆ ಉಣ್ತಿದ್ದೆ. ತೂಬು ತಗ್ಸಿ, ಉಂಡು, ಆಮ್ಯಾಕೆ ಎಂಟ್ನೇದು ತಗ್ದೆ." ಸ್ಲೇಟನ್ನೂ ಟೈಂಪೀಸನ್ನೂ ಜಗಲಿಯ ಮೇಲಿಟ್ಟು ಎದ್ದುಹೋದ.

ಮೇಷ್ಟ್ರು ಆ ಸಾಲಿನ ಮೇಲೆ ಬೆರಳಿಟ್ಟರು. "ಹನ್ನೊಂದು ನಿನ್ನವು, ಒಪ್ಪಿದೆ. ಇದು?"

"ಹಿಂದಿನ ಗೋಡೆಗೆ ತಾಗಿದ ಮಡಿಗೆ ನೀರು ಹೋಗಿದ್ದರೆ ಇಷ್ಟೇ ದೊಡ್ಡದಾಗಿ ಬರುತ್ತೆ ಸಾರ್. ಹತ್ತಿರದ್ದು."

"ಹೋಗಿದ್ದರೆ. ಹೋಗಿಲ್ಲ ಅಂತ ಅವನು ಹೇಳ್ತಾನೆ. ಇವತ್ತು ಗುಂಡುಗಳು ಜಾಗದಲ್ಲೇ ಇದ್ದವು. ನೀರಿಲ್ಲದೆ ನೆಗೆದದ್ದು ಇದೊಂದೇ."

ಕೂಡಲೇ ಎದ್ದು ಹಿಂದಿನ ಮಡಿ ನೋಡಲು ಹೊರಟೆ. ಅಂಗಳ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಅದುವರೆಗೆ ಮೋಡ ಕವಿದದ್ದೇ ನಮಗೆ ತಿಳಿದಿರಲಿಲ್ಲ. ಅರ್ಧ ಗಂಟೆಯೊಳಗೆ ನೀರು ಕಂಡ ಮಡಿ, ಕಾಣದ ಮಡಿ ಎಲ್ಲ ಒಂದೇ ಬಣ್ಣ. ಇದ್ದ ಒಂದೇ ಸಾಕ್ಷಿ ನನ್ನ ಕಣ್ಣೆದುರಿಗೆ ತೊಳೆದುಹೋಯಿತು.

ಬೆಳಿಗ್ಗೆ ಮೇಷ್ಟ್ರು ಪ್ರಬಂಧದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಸಿದ್ಧರಾಗಿದ್ದರು. ಹನ್ನೊಂದು ನೆಗೆತಗಳ ಪುಟಗಳನ್ನು ಹರಿದು ಹಾಕಿದ್ದರು. ಉಳಿದದ್ದು ಒಂದು ಪುಟ.

"ಅವನನ್ನ ಇನ್ನೊಂದು ಸಲ ಕೇಳು" ಎಂದರು. "ನೀನೇ ಕೇಳು, ನಿನಗೆ ಬಾಯಿ ಬಿಡಿಸೋಕೆ ಬರುತ್ತೆ. ಆ ಮಡಿ ತೆಗೆದಿಲ್ಲ ಅಂತ ಅವನು ಬಾಯಿಬಿಟ್ಟು ಹೇಳಿದರೆ ಇದೊಂದನ್ನ ಓದ್ತೀನಿ. ಹೇಳದಿದ್ದರೆ ಓದಲ್ಲ."

"ಹೇಳಿದರೂ ನಾನು ನಂಬಲ್ಲ ಸಾರ್. ತೆಗೆದೆ ಅಂದರೆ ಅವನ ಕೆಲಸ ಹೋಗುತ್ತೆ. ಅಂಥವನು ತೆಗೆದಿಲ್ಲ ಅಂದರೆ ಅದು ಸಾಕ್ಷ್ಯವಾ?"

"ನೀನು ನಂಬಬೇಡ. ನಾನು ನಂಬ್ತೀನಿ. ಬಸ್ಸು ಹತ್ತೂವರೆಗೆ."

ಕೆರೆ ಏರಿಯ ಮೇಲೆ ನೀರುಗಂಟಿ ತೂಬಿನ ಹತ್ತಿರ ಕುಳಿತು ಗುದ್ದಲಿಯ ಅಲಗಿಗೆ ಹತ್ತಿದ ಮಣ್ಣನ್ನು ಕಲ್ಲಿನಿಂದ ಕೆರೆಯುತ್ತಿದ್ದ. ಮಳೆ ಬಿದ್ದದ್ದರಿಂದ ಅವನಿಗೆ ಆ ದಿನ ಕೆಲಸವಿರಲಿಲ್ಲ. ನನ್ನನ್ನು ನೋಡಿ ನಕ್ಕ.

"ಏನ್ ಚಿಕ್ ಮೇಷ್ಟ್ರೇ, ಹನ್ನೊಂದೂ ಸರೋದ್ವಲ್ಲ. ಇನ್ನೇನು?"

"ಸರಿಹೋದವು. ನಿನ್ನ ಗಡಿಯಾರ ನಮ್ಮದಕ್ಕಿಂತ ಚೆನ್ನಾಗಿತ್ತು."

"ಅಂಗಂದ್ರೆ ದೊಡ್ ಮೇಷ್ಟ್ರುದು ಸುಳ್ಳಾಯ್ತಾ?" ನಗು ಹೋಗಿತ್ತು. "ಅವ್ರ್ ಮೊಕ ನೋಡಾಕಾಗಕಿಲ್ಲ ಬುಡಿ. ಒಳ್ಳೆವ್ರು."

ನಾನು ಅವನ ಪಕ್ಕದಲ್ಲಿ ಕುಳಿತೆ. ಏರಿಯ ಮೇಲಿಂದ ಉಗ್ರಾಣ ಕಾಣುತ್ತಿತ್ತು, ಅದರ ಹಿಂದಿನ ಸಣ್ಣ ಮಡಿಯೂ ಕಾಣುತ್ತಿತ್ತು. ಪೈರು ತಲೆಯೆತ್ತಿತ್ತು. ಒಂದು ಮಳೆಗೆ ಅಷ್ಟು ಬೇಗ ತಲೆಯೆತ್ತುತ್ತದೋ ಇಲ್ಲವೋ, ಬೇಸಾಯ ಗೊತ್ತಿಲ್ಲದ ನಾನು ಹೇಳಲಾರೆ. ಕಾಲುವೆಯ ಬದಿಯ ಹೊಂಗೆ ಮರವೂ ಕಾಣುತ್ತಿತ್ತು. ಮರದಿಂದ ಆ ಮಡಿಗೆ ಒಬ್ಬ ನಡೆದುಹೋಗಿ ಬಾಯಿ ಕಡಿದು, ಮುಚ್ಚಿ, ಬಂದು ಕೈ ತೊಳೆದು ಮುದ್ದೆಗೆ ಕೂರಲು ಎಷ್ಟು ಹೊತ್ತು ಬೇಕೆಂದು ಮನಸ್ಸಿನಲ್ಲೇ ಅಳೆದೆ. ನೇರವಾಗಿ ಕೇಳಿದರೆ ಅವನು ಇಲ್ಲವೆನ್ನಲೇಬೇಕು. ಅದಕ್ಕೆ ತೆಗೆದೆ, ತೆಗೆದಿಲ್ಲ ಎರಡನ್ನೂ ಅವನು ಬಾಯಿಬಿಟ್ಟು ಹೇಳಬೇಕಿಲ್ಲದಂಥ, ಸುತ್ತಿ ಬರುವ ಪ್ರಶ್ನೆಯೊಂದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವನ ಕೈಯಲ್ಲಿದ್ದ ಕಲ್ಲು ಅಲಗಿನ ಮೇಲೆ ನಿಂತಿತು. ಕೆಳಗೆ ರಸ್ತೆಯಲ್ಲಿ ಇದ್ದಿಲು ಬಸ್ಸಿನ ಹೊಗೆ ಏಳುತ್ತಿತ್ತು. ಕೇಳಿದೆ:

"ಅಣ್ಣಾ, ನಿನ್ನೆ ನೀನು ಮುದ್ದೆಗೆ ಕೂತಾಗ ಗುದ್ದಲಿ ಎಲ್ಲಿತ್ತು?"